ಝೆರಾಕ್ಸ್ ಮಷಿನ್ ಕೆಟ್ಟಿದೆ, ಸಾಹೇಬರೇ

ಇವರಿಗೆ:
ಗೌಪ್ಯತೆಯ ಪ್ರಮಾಣ ಸ್ವೀಕರಿಸಿದ ಸಮಸ್ತ ಮಾಜಿ, ಹಾಲಿ ಹಾಗೂ ಭಾವಿ ಮಂತ್ರಿಮಹೋದಯರು,
ಬೆಂಗಳೂರು ಮತ್ತು ದಿಲ್ಲಿ

ಇವರಿಂದ:
ಅಕ್ಕೋಳದ ಒಬ್ಬ ಖಾತೇದಾರ

ವಿಷಯ: ನಮ್ಮ ಅಜ್ಜನ ಹೊಲದ ನಕಾಶೆ ಗುಪ್ತವಾಗಿಯೂ, ನಿಮ್ಮ ಸಂಪುಟದ ಕಡತ ಬಯಲಾಗಿಯೂ ಇರುವ ಬಗ್ಗೆ.

ಸಾಹೇಬರೇ,

ಕಚೇರಿಯೊಂದರ ಕಟ್ಟೆಯ ಮೇಲೆ ಮುಂಜಾನೆಯಿಂದ ಇಳಿಹೊತ್ತಿನ ತನಕ ಕುಂತು, ಬರಿಗೈಯಲ್ಲಿ ಮನೆಗೆ ಬಂದು, ಕಾಲು ತೊಳೆಯುವ ಮೊದಲೇ ಈ ಪತ್ರ ಬರೆಯುತ್ತಿದ್ದೇನೆ. ಮಾತಿನಲ್ಲಿ ಎಲ್ಲಾದರೂ ಮರ್ಯಾದೆ ಕಡಿಮೆ ಬಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು. ಯಾವ ಕಚೇರಿ ಅಂತ ಹೇಳುವುದಿಲ್ಲ. ನನಗೂ ಒಂದಿಷ್ಟು ಗೌಪ್ಯತೆ ಇರಲಿ.

ಕೆಲಸ ಬಹಳ ಸಣ್ಣದು. ನಮ್ಮ ಹೊಲಕ್ಕೂ ಬಾಜೂದವರ ಹೊಲಕ್ಕೂ ನಡುವಿನ ಬದು ವರ್ಷಕ್ಕೊಂದು ಗೇಣು ನಮ್ಮ ಕಡೆಗೆ ಸರಿದು ಬರುತ್ತಿದೆ. ಬದುವಿಗೆ ಕಾಲಿಲ್ಲ, ಆದರೂ ಬರುತ್ತಿದೆ. ಹಳೆಯ ಮೋಜಣಿ ನಕಾಶೆಯ ಒಂದು ಪ್ರತಿ ಸಿಕ್ಕರೆ ಕಲ್ಲು ಎಲ್ಲಿತ್ತೆಂದು ತೋರಿಸಬಹುದು. ಹತ್ತು ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಮೂವತ್ತು ದಿನದೊಳಗೆ ಉತ್ತರ ಕೊಡಬೇಕು ಎನ್ನುತ್ತದೆ 2005ರ ಕಾಯ್ದೆ. ಉತ್ತರ ಬಂತು, ಯಾವಾಗ ಬಂತು ಅಂತ ಕೇಳಬೇಡಿ. ನಕಾಶೆಯ ಮೇಲೆ ನಮ್ಮ ಅಜ್ಜನ ಹೆಸರಿದೆಯಂತೆ. ಕಾಯ್ದೆಯ ಲೆಕ್ಕದಲ್ಲಿ ಅಜ್ಜ ಮೂರನೇ ವ್ಯಕ್ತಿಯಂತೆ. ಮೂರನೇ ವ್ಯಕ್ತಿಯ ಒಪ್ಪಿಗೆಯಿಲ್ಲದೆ ಕೊಡಲು ಬರುವುದಿಲ್ಲವಂತೆ. ಒಪ್ಪಿಗೆ ತರಬೇಕೆಂದರೆ ಅಜ್ಜ ಹೋದ ಕಡೆಗೇ ನಾನೂ ಹೋಗಬೇಕು. ಅಲ್ಲಿಗೆ ಹೋದ ಮೇಲೆ ಹೊಲ ಯಾಕೆ ಬೇಕು?

ಇವತ್ತು ಕ್ಲಾರ್ಕ್ ಸಾಹೇಬರನ್ನು ಎದುರಾ ಎದುರು ಕೇಳಿದೆ.

"ಅದು ಗೌಪ್ಯ ಐತ್ರಿ ಕಾಕಾ."

"ನಮ್ಮ ಅಜ್ಜನ ಹೊಲ ನನಗ ಹೆಂಗ ಗೌಪ್ಯ ಆತಪಾ?"

ಆತ ಸ್ವಲ್ಪ ಯೋಚಿಸಿ ದಾರಿ ಬದಲಿಸಿದ. "ಕೊಡಾಕ ನನಗೇನ್ರಿ. ಝೆರಾಕ್ಸ್ ಮಷಿನ್ ಕೆಟ್ಟೈತಿ."

ಹೊರಗೆ ಬಂದರೆ ಬೇವಿನ ಮರದ ಬುಡದಲ್ಲಿ ಒಬ್ಬ ಏಜೆಂಟ. ಫೋನು ತೆಗೆದು ಎರಡು ಸಲ ಬೆರಳು ಸರಿಸಿ ನನ್ನ ಮುಂದೆ ಹಿಡಿದ. ನಮ್ಮ ಹೊಲದ ನಕಾಶೆ! ಮೂಲೆ ಮಡಚಿದ್ದು, ಅಜ್ಜನ ಹೆಸರಿನ ಮೇಲೆ ಚಹಾ ಕಪ್ಪಿನ ಗುಂಡನೆಯ ಕಲೆ, ಕೆಳಗೆ ಸರಕಾರಿ ಟೇಬಲ್ಲಿನ ಹಸಿರು ಬಟ್ಟೆ, ಎಲ್ಲ ಸ್ವಚ್ಛ ಕಾಣುತ್ತಿತ್ತು. "ಮುನ್ನೂರು ಕೊಡ್ರಿ ಕಾಕಾ, ಈಗಿಂದೀಗ ವಾಟ್ಸ್‌ಆಪಿಗೆ ಬಿಡ್ತೀನಿ." ನಾನು ಕೊಟ್ಟೆನೋ ಇಲ್ಲವೋ ಎಂಬುದು ನನ್ನ ಮತ್ತು ಬೇವಿನ ಮರದ ನಡುವಿನ ಗೌಪ್ಯ.

ವಾಪಸ್ ಬರುವಾಗ ಬಸ್ಸಿನಲ್ಲಿ ಕುಂತು ನಿಮ್ಮ ನೆನಪು ತೆಗೆದೆ ಸಾಹೇಬರೇ. ಮಂತ್ರಿಯಾಗುವ ದಿನ ರಾಜ್ಯಪಾಲರ ಇಲ್ಲವೇ ರಾಷ್ಟ್ರಪತಿಗಳ ಮುಂದೆ ನೀವು ಎರಡು ಪ್ರಮಾಣ ಮಾಡುತ್ತೀರಿ. ಅಧಿಕಾರದ್ದೊಂದು, ಗೌಪ್ಯತೆಯದೊಂದು. ಮಂತ್ರಿಯಾಗಿ ತಿಳಿದ ವಿಷಯವನ್ನು ಕೆಲಸಕ್ಕೆ ಬೇಕಾದಷ್ಟು ಬಿಟ್ಟು ಯಾರಿಗೂ, ನೇರವಾಗಿಯಾಗಲಿ ಸುತ್ತಿ ಬಳಸಿಯಾಗಲಿ, ಹೇಳುವುದಿಲ್ಲ ಎಂಬುದು ಎರಡನೆಯದು. ಸಂವಿಧಾನದ ಮೂರನೇ ಅನುಸೂಚಿಯಲ್ಲೇ ಇದೆ. ಕೆಲವರು ದೇವರ ಹೆಸರಿನಲ್ಲಿ, ಕೆಲವರು ಮನೆದೇವರು, ಮಠದ ಸ್ವಾಮಿಗಳು, ಪಕ್ಷದ ನಾಯಕರು ಎಲ್ಲರನ್ನೂ ಸೇರಿಸಿ ಪ್ರಮಾಣ ಮಾಡುತ್ತೀರಿ. ಇಷ್ಟು ಜನ ಸಾಕ್ಷಿ ಇದ್ದ ಗುಟ್ಟು ಉಳಿಯುವುದಾದರೂ ಹೇಗೆ?

2025ರ ಏಪ್ರಿಲ್ ನೆನಪು ಮಾಡಿಕೊಳ್ಳಿ. 2015ರಲ್ಲಿ ಹಿಂದುಳಿದ ವರ್ಗಗಳ ಕಾಂತರಾಜ ಆಯೋಗದವರು ಮನೆಮನೆಗೆ ಬಂದು ನಮ್ಮ ಜಾತಿ, ಓದು, ಹೊಲ, ಕೂಲಿ ಬರೆದುಕೊಂಡು ಹೋದರು. ನೂರೈವತ್ತು ಕೋಟಿಗೂ ಮೇಲೆ ಖರ್ಚಾಯಿತು. ಆಮೇಲೆ ಅದೇ ಆಯೋಗದ ಅಧ್ಯಕ್ಷರಾದ ಜಯಪ್ರಕಾಶ್ ಹೆಗ್ಡೆಯವರು 2024ರ ಫೆಬ್ರುವರಿ 29ರಂದು ವರದಿಯನ್ನು ಮುಖ್ಯಮಂತ್ರಿಗಳ ಕೈಗೆ ಕೊಟ್ಟರು. ಅದು ವರ್ಷದ ಮೇಲೆ ಮುಚ್ಚಿಯೇ ಇತ್ತು. 2025ರ ಏಪ್ರಿಲ್ 11ರಂದು ಸಂಪುಟ ಸಭೆಯಲ್ಲಿ ತೆರೆದಿರಿ. ಒಳಗೆ ಕುಂತವರೆಲ್ಲ ಪ್ರಮಾಣ ಮಾಡಿದವರೇ. ಎರಡು ಮೂರು ದಿನ ಹೋಗುವುದರೊಳಗೆ ನಮ್ಮೂರ ಚಹಾದಂಗಡಿಯಲ್ಲಿ ಲಿಂಗಾಯತರು ಎಷ್ಟು, ಕುರುಬರು ಎಷ್ಟು, ಜೈನರು ಎಷ್ಟು, ಮರಾಠರು ಎಷ್ಟು ಎಂಬ ಲೆಕ್ಕ ಬಿಸಿಬಿಸಿ ಬಜ್ಜಿಯ ಜೊತೆ ಸಿಗುತ್ತಿತ್ತು. ಆ ಲೆಕ್ಕ ಹಳೆಯದಾಯಿತು, ಹೊಸದಾಗಿ ಎಣಿಸೋಣ ಎಂದು ಜೂನ್‌ನಲ್ಲಿ ನೀವೇ ತೀರ್ಮಾನಿಸಿದಿರಿ. ಬಜ್ಜಿ ತಿಂದವರು ಇನ್ನೂ ಜಗಳಾಡುತ್ತಿದ್ದಾರೆ.

ವರದಿ ಹೊರಬಿದ್ದದ್ದಕ್ಕೆ ನನ್ನ ತಕರಾರಿಲ್ಲ. ನಮ್ಮ ದುಡ್ಡಿನಲ್ಲಿ ನಮ್ಮನ್ನೇ ಎಣಿಸಿದ್ದನ್ನು ನಮಗೆ ಯಾಕೆ ಮುಚ್ಚಿಡಬೇಕಿತ್ತು? ನನ್ನ ಪ್ರಶ್ನೆ ಬೇರೆ. ಸಂಪುಟದ ಕೋಣೆಯ ಝೆರಾಕ್ಸ್ ಮಷಿನ್ ಅಷ್ಟು ಚೆನ್ನಾಗಿ ಓಡುತ್ತದೆ, ನಮ್ಮದು ಮಾತ್ರ ಯಾಕೆ ಕೆಟ್ಟಿರುತ್ತದೆ?

ಮಷಿನ್ನಿನ ಮಾತು ಬಂತು, ಹೇಳಿಬಿಡುತ್ತೇನೆ. ಈ ದೇಶದ ಗುಟ್ಟುಗಳ ದೊಡ್ಡ ಕಥೆಗಳೆಲ್ಲ ಝೆರಾಕ್ಸ್ ಕಥೆಗಳೇ. 1985ರ ಜನವರಿಯಲ್ಲಿ ದಿಲ್ಲಿಯಲ್ಲಿ ಕೂಮರ್ ನಾರಾಯಣ್ ಎಂಬವನ ಜಾಲ ಸಿಕ್ಕಿಬಿತ್ತು. ಪ್ರಧಾನಿ ಕಚೇರಿಯಿಂದ ಹಿಡಿದು ರಕ್ಷಣಾ ಇಲಾಖೆಯವರೆಗೆ ಪಿ.ಎ.ಗಳು, ಕ್ಲಾರ್ಕುಗಳು ಕಡತ ಹೊರಗೆ ಒಯ್ದು, ಪ್ರತಿ ತೆಗೆಸಿ, ವಾಪಸ್ ಇಟ್ಟುಬಿಡುತ್ತಿದ್ದರು. ಪ್ರಧಾನಿಯ ಪ್ರಧಾನ ಕಾರ್ಯದರ್ಶಿ ಪಿ.ಸಿ. ಅಲೆಕ್ಸಾಂಡರ್ ಅವರ ಮೇಲೆ ಆರೋಪವಿರಲಿಲ್ಲ, ಅವರ ಕೈಕೆಳಗಿನವರ ಮೇಲಿತ್ತು. ಹೊಣೆ ಹೊತ್ತು ರಾಜೀನಾಮೆ ಕೊಟ್ಟರು, ದೊಡ್ಡತನವೇ. ಆಮೇಲೆ ಲಂಡನ್ನಿನಲ್ಲಿ ಹೈಕಮಿಷನರ್ ಆದರು, ತಮಿಳುನಾಡಿನ ರಾಜ್ಯಪಾಲರಾದರು, 1993ರಿಂದ ಒಂಬತ್ತು ವರ್ಷ ನಮ್ಮ ಗಡಿಯಾಚೆ ಮಹಾರಾಷ್ಟ್ರದ ರಾಜ್ಯಪಾಲರಾಗಿದ್ದರು. ಪಿ.ಎ.ಗಳು, ಕ್ಲಾರ್ಕುಗಳು ಹದಿನೇಳು ವರ್ಷ ಕೋರ್ಟಿಗೆ ಅಲೆದು 2002ರಲ್ಲಿ ಜೈಲು ಶಿಕ್ಷೆ ತೆಗೆದುಕೊಂಡರು. ಕೂಮರ್ ನಾರಾಯಣ್ ತೀರ್ಪು ಬರುವ ಮೊದಲೇ ತೀರಿಕೊಂಡಿದ್ದ.

2019ರ ಮಾರ್ಚಿನಲ್ಲಿ ರಫೇಲ್ ಯುದ್ಧವಿಮಾನದ ಕಡತಗಳು ರಕ್ಷಣಾ ಇಲಾಖೆಯಿಂದ ಕಳುವಾಗಿವೆ ಎಂದು ಅಟಾರ್ನಿ ಜನರಲ್ ಸುಪ್ರೀಂ ಕೋರ್ಟಿನಲ್ಲಿ ಹೇಳಿದರು. ಅವನ್ನು ಅಚ್ಚು ಹಾಕಿದ ಪತ್ರಿಕೆಯವರ ಮೇಲೆ ಅಧಿಕೃತ ರಹಸ್ಯ ಕಾಯ್ದೆ ಹಾಕುವ ಮಾತೂ ಬಂತು. ಎರಡು ದಿನ ಬಿಟ್ಟು, ಕಳುವಲ್ಲ, ಅವು ಪ್ರತಿಗಳು ಎಂದರು. ನೋಡಿದಿರಾ, ಮತ್ತೆ ಝೆರಾಕ್ಸ್! ಏಪ್ರಿಲ್ 10ರಂದು ಕೋರ್ಟು ಸರಕಾರದ ಆಕ್ಷೇಪಣೆ ತಳ್ಳಿಹಾಕಿ, ಆ ಕಾಗದ ನೋಡಿಯೇ ನೋಡುತ್ತೇವೆ ಎಂದಿತು.

ನಮ್ಮ ಕರ್ನಾಟಕ ಹಿಂದೆ ಬಿದ್ದಿಲ್ಲ. 1988ರ ಆಗಸ್ಟಿನಲ್ಲಿ ಫೋನ್ ಕದ್ದಾಲಿಕೆಯ ಗದ್ದಲದಲ್ಲಿ ರಾಮಕೃಷ್ಣ ಹೆಗಡೆಯವರು ನೈತಿಕ ಹೊಣೆ ಹೊತ್ತು ಮುಖ್ಯಮಂತ್ರಿ ಪದವಿ ಬಿಟ್ಟರು. ಮರುವರ್ಷ ದಿಲ್ಲಿಯಲ್ಲಿ ಯೋಜನಾ ಆಯೋಗದ ಉಪಾಧ್ಯಕ್ಷರಾದರು, ಮುಂದೆ ಕೇಂದ್ರ ಮಂತ್ರಿಯೂ ಆದರು. 2019ರಲ್ಲಿ ಮತ್ತೆ ಕದ್ದಾಲಿಕೆ. ಪೊಲೀಸ್ ಅಧಿಕಾರಿಯೊಬ್ಬರ ಮಾತಿನ ಧ್ವನಿಮುದ್ರಿಕೆ ಟೀವಿಯಲ್ಲಿ ಬಂತು, ಹೊಸ ಸರಕಾರ ತನಿಖೆಯನ್ನು ಸಿಬಿಐಗೆ ಕೊಟ್ಟಿತು. ಸಿಬಿಐನವರು ಅಧಿಕಾರಿಗಳ ಮನೆ ಬಾಗಿಲು ತಟ್ಟಿದರು. ಮಂತ್ರಿಯಾದವರು ಒಬ್ಬರೂ ಕಟಕಟೆ ಹತ್ತಲಿಲ್ಲ.

ರಾಜೀನಾಮೆ ನಿಮಗೆ ಶಿಕ್ಷೆ, ಜೈಲು ಕ್ಲಾರ್ಕಿಗೆ. ರಾಜೀನಾಮೆ ಕೊಟ್ಟವರಿಗೆ ಎರಡು ವರ್ಷದಲ್ಲಿ ಇನ್ನೂ ದೊಡ್ಡ ಕುರ್ಚಿ ಸಿಗುತ್ತದೆ. ಈ ಶಿಕ್ಷೆ ನನಗೂ ಕೊಡಿಸಿ, ಒಪ್ಪುತ್ತೇನೆ.

ಈಗ ಸಿಟ್ಟಿನ ಮಾತು. 2002ರ ಜೂನಿನಲ್ಲಿ ದಿಲ್ಲಿಯ ಪತ್ರಕರ್ತ ಇಫ್ತಿಕಾರ್ ಗಿಲಾನಿಯನ್ನು ಇದೇ ರಹಸ್ಯ ಕಾಯ್ದೆಯಲ್ಲಿ ಹಿಡಿದು ತಿಹಾರ್ ಜೈಲಿಗೆ ಹಾಕಿದರು. ಅವನ ಕಂಪ್ಯೂಟರಿನಲ್ಲಿದ್ದದ್ದು ಕಾಶ್ಮೀರದಲ್ಲಿ ಸೇನೆ ಎಷ್ಟಿದೆ ಎಂಬ ಲೇಖನ. ಅದು ಪಾಕಿಸ್ತಾನದ ಸಂಸ್ಥೆಯೊಂದು ಮೊದಲೇ ಅಚ್ಚು ಹಾಕಿದ್ದು, ಇಂಟರ್‌ನೆಟ್ಟಿನಲ್ಲಿ ಯಾರು ಬೇಕಾದರೂ ಓದಬಹುದಾದದ್ದು. ಅಂದರೆ ಶತ್ರುವೇ ಬರೆದದ್ದನ್ನು ಇಟ್ಟುಕೊಂಡಿದ್ದಾನೆ, ಶತ್ರುವಿಗೆ ತಿಳಿದುಬಿಡುತ್ತದೆ ಎಂದು ಅವನು ಒಳಗೆ ಹೋದ! ಏಳು ತಿಂಗಳು. ಅದರಲ್ಲಿ ಗುಟ್ಟೇನೂ ಇಲ್ಲ ಎಂದು ಸೇನಾ ಗುಪ್ತಚರದವರೇ ಹೇಳಿದ ಮೇಲೆ 2003ರ ಜನವರಿಯಲ್ಲಿ ಕೇಸು ಹಿಂತೆಗೆದು ಬಿಟ್ಟರು. ಏಳು ತಿಂಗಳು ಆ ಮನುಷ್ಯ ಜೈಲಿನಲ್ಲಿ ತಿಂದ ಹೊಡೆತಕ್ಕೆ ಯಾರು ರಾಜೀನಾಮೆ ಕೊಟ್ಟರು? ಯಾರೂ ಇಲ್ಲ. ಇದನ್ನು ನಗೆಯಲ್ಲಿ ಬರೆಯಲು ನನಗೆ ಆಗುತ್ತಿಲ್ಲ.

ಹೀಗೆ ಯಾಕಾಗುತ್ತದೆ ಎಂದು ನಿಮಗೆ ಗೊತ್ತು, ಆದರೂ ಹೇಳುತ್ತೇನೆ. ಬ್ರಿಟಿಷರು 1923ರಲ್ಲಿ ಮಾಡಿಟ್ಟುಹೋದದ್ದು ಈ ರಹಸ್ಯ ಕಾಯ್ದೆ. ಗುಟ್ಟು ಎಂದರೆ ಯಾವುದು ಎಂದು ಅದರಲ್ಲಿ ಎಲ್ಲೂ ಬಿಡಿಸಿ ಹೇಳಿಲ್ಲ. ಐದನೇ ಕಲಮಿನಲ್ಲಿ ಗುಟ್ಟು ಕೊಟ್ಟವನಿಗೂ ತಪ್ಪು, ತಿಳಿದೂ ತಿಳಿದೂ ತೆಗೆದುಕೊಂಡವನಿಗೂ ತಪ್ಪು, ಮೂರು ವರ್ಷದ ತನಕ ಜೈಲು. ಆ ಲೆಕ್ಕದಲ್ಲಿ ನಾನು ಮತ್ತು ಬೇವಿನ ಮರದ ಏಜೆಂಟ ಇಬ್ಬರೂ ಒಂದೇ ಕೋಣೆಯಲ್ಲಿ ಇರಬೇಕಾದವರು. ಆದರೆ ಹದಿಮೂರನೇ ಕಲಮು ಓದಿ. ಸಂಬಂಧಪಟ್ಟ ಸರಕಾರ, ಇಲ್ಲವೇ ಆ ಸರಕಾರ ಅಧಿಕಾರ ಕೊಟ್ಟ ಅಧಿಕಾರಿ ದೂರು ಕೊಡದ ಹೊರತು ಯಾವ ಕೋರ್ಟೂ ಈ ಕೇಸನ್ನು ಕೈಗೆತ್ತಿಕೊಳ್ಳುವಂತಿಲ್ಲ. ಮಂತ್ರಿ ಗುಟ್ಟು ಬಿಟ್ಟರೆ ಮಂತ್ರಿಯ ಸರಕಾರವೇ ಮಂತ್ರಿಯ ಮೇಲೆ ದೂರು ಕೊಡಬೇಕು. ಬದು ಒತ್ತಿದವನೇ ಬಂದು "ನಾನು ಒತ್ತಿದ್ದೇನೆ, ಮೋಜಣಿ ಮಾಡಿಸಿ" ಎಂದು ಅರ್ಜಿ ಹಾಕಿದ ಹಾಗೆ. ಅಂಥ ಮನುಷ್ಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಬೆಂಗಳೂರಿನಲ್ಲಿ ಹುಟ್ಟಿದ್ದರೆ ತಿಳಿಸಿ, ದರ್ಶನಕ್ಕೆ ಬರುತ್ತೇನೆ.

ಸರಕಾರ ಬದಲಾದ ಮೇಲೆ ಹೊಸಬರು ದೂರು ಕೊಡಬಹುದಲ್ಲ ಎನ್ನುತ್ತೀರಿ. ಕೊಡುತ್ತಾರೆ, ಪಾಕಿಸ್ತಾನದಲ್ಲಿ ಕೊಟ್ಟರು. ಅಲ್ಲಿಯೂ ಇದೇ 1923ರ ಕಾಯ್ದೆ. ದೇಶ ಪಾಲಾದಾಗ ಅವರಿಗೂ ಒಂದು ಪ್ರತಿ ಹೋಯಿತು, ಆಗ ಮಷಿನ್ ಸರಿ ಇತ್ತೆಂದು ಕಾಣುತ್ತದೆ. ರಾಯಭಾರಿಯ ಗುಪ್ತ ತಂತಿಯ ವಿಷಯ ಬಹಿರಂಗ ಮಾಡಿದನೆಂದು ಮಾಜಿ ಪ್ರಧಾನಿ ಇಮ್ರಾನ್ ಖಾನ್‌ಗೆ 2024ರ ಜನವರಿಯಲ್ಲಿ ಹತ್ತು ವರ್ಷ ಶಿಕ್ಷೆಯಾಯಿತು, ಜೂನಿನಲ್ಲಿ ಹೈಕೋರ್ಟು ಬಿಟ್ಟುಬಿಟ್ಟಿತು. ಅಲ್ಲಿ ಗುಟ್ಟಿಗಿಂತ ಮನುಷ್ಯನ ಮೇಲೆ ಕಣ್ಣಿತ್ತು ಎಂದು ನನ್ನ ಅನುಮಾನ. ಅಮೆರಿಕದಲ್ಲಿ ಟ್ರಂಪ್ ಸಾಹೇಬರು ಅಧಿಕಾರ ಬಿಟ್ಟು ಹೋಗುವಾಗ ಗುಪ್ತ ಕಾಗದದ ಡಬ್ಬಿಗಳನ್ನು ಮನೆಗೆ ಒಯ್ದು, ಒಂದಿಷ್ಟನ್ನು ಬಚ್ಚಲಮನೆಯಲ್ಲಿ ಪೇರಿಸಿದ್ದರು. 2023ರಲ್ಲಿ ಕೇಸು ಬಿತ್ತು, 2024ರ ಜುಲೈನಲ್ಲಿ ನ್ಯಾಯಾಧೀಶೆ ವಜಾ ಮಾಡಿದರು, ಮೇಲ್ಮನವಿ ನಡೆಯುತ್ತಿರುವಾಗಲೇ ಸಾಹೇಬರು ಚುನಾವಣೆ ಗೆದ್ದರು, ಕೇಸು ಮುಗಿಯಿತು. ಬೈಡನ್ ಸಾಹೇಬರ ಕಾಗದ ಕಾರ್ ನಿಲ್ಲಿಸುವ ಶೆಡ್ಡಿನಲ್ಲಿ ಸಿಕ್ಕಿತು. ನೆನಪು ಕಡಿಮೆಯಾದ ಮುದುಕ, ಪಾಪ, ಜ್ಯೂರಿ ಮರುಗುತ್ತದೆ ಎಂಬುದೂ ಒಂದು ಕಾರಣವಾಗಿ ಅವರ ಮೇಲೆ ಕೇಸೇ ಹಾಕಲಿಲ್ಲ. ನೆನಪು ನನಗೂ ಕಡಿಮೆಯಾಗಿದೆ ಸಾಹೇಬರೇ. ಮುನ್ನೂರು ಕೊಟ್ಟೆನೋ ಇಲ್ಲವೋ ಈಗ ನೆನಪಾಗುತ್ತಿಲ್ಲ.

ಆದ್ದರಿಂದ ದೊಡ್ಡವರ ಮೇಲೆ ಕೇಸು ಹಾಕಲೇಬಾರದೇ? ಹಾಕಬೇಕು. ಹಾಕುವ ಕೈ ಮಾತ್ರ ನಿಮ್ಮದೂ ಆಗಬಾರದು, ನಿಮ್ಮ ವೈರಿಯದೂ ಆಗಬಾರದು. ಕಳ್ಳತನ ಬಯಲು ಮಾಡಲು ಕಾಗದ ಹೊರಗೆ ಕೊಟ್ಟವನನ್ನು ಬಿಟ್ಟು, ತನ್ನ ಕುರ್ಚಿಗಾಗಿ, ತನ್ನ ವ್ಯಾಪಾರಕ್ಕಾಗಿ ಗುಟ್ಟು ಮಾರಿಕೊಂಡವನನ್ನು ಹಿಡಿಯಬೇಕು. ಇದನ್ನೆಲ್ಲ ನಾನು ಕಟ್ಟೆಯ ಮೇಲೆ ಕುಂತು ಕಂಡುಹಿಡಿದದ್ದಲ್ಲ. ನಿಮ್ಮವರೇ ಆದ, ಮುಖ್ಯಮಂತ್ರಿಯಾಗಿದ್ದ ವೀರಪ್ಪ ಮೊಯಿಲಿಯವರು ಆಡಳಿತ ಸುಧಾರಣಾ ಆಯೋಗದ ಅಧ್ಯಕ್ಷರಾಗಿ 2006ರಲ್ಲೇ ಬರೆದುಕೊಟ್ಟರು: ಈ ಕಾಯ್ದೆ ತೆಗೆದುಹಾಕಿ, ನಿಜವಾದ ಭದ್ರತೆಯ ಗುಟ್ಟಿಗೆ ಮಾತ್ರ ಬೇರೆ ಕಾನೂನಿನಲ್ಲಿ ಜಾಗ ಕೊಡಿ, ಮಂತ್ರಿಗಳು ಗೌಪ್ಯತೆಯ ಪ್ರಮಾಣದ ಬದಲು ಪಾರದರ್ಶಕತೆಯ ಪ್ರಮಾಣ ಮಾಡಲಿ. ಆ ವರದಿ ಸೋರಿಹೋಗಲಿಲ್ಲ ಸಾಹೇಬರೇ. ರಾಜಾರೋಷವಾಗಿ ಪ್ರಕಟವಾಯಿತು. ಅದಕ್ಕೇ ಇರಬೇಕು, ಯಾರೂ ಓದಲಿಲ್ಲ.

ದಿಲ್ಲಿಯವರು ಕಾಯ್ದೆ ತೆಗೆಯುವ ತನಕ ನೀವು ಬೆಂಗಳೂರಿನವರು ಕೈಕಟ್ಟಿ ಕುಂದ್ರಬೇಕಿಲ್ಲ. ಪರದೇಶಕ್ಕೋ ನಿಷೇಧಿತ ಜಾಗಕ್ಕೋ ಸಂಬಂಧವಿಲ್ಲದ ಐದನೇ ಕಲಮಿನ ತಪ್ಪಿಗೆ ಸಂಬಂಧಪಟ್ಟ ಸರಕಾರ ಎಂದರೆ ರಾಜ್ಯ ಸರಕಾರವೇ ಎಂದು ಅದೇ ಹದಿಮೂರನೇ ಕಲಮು ಹೇಳುತ್ತದೆ. ಅಧಿಕಾರ ಕೊಟ್ಟ ಅಧಿಕಾರಿ ಎಂಬ ಮಾತೂ ಅದರಲ್ಲೇ ಇದೆ. ಲೋಕಾಯುಕ್ತದ ಒಬ್ಬ ಅಧಿಕಾರಿಗೆ ಆ ಅಧಿಕಾರ ಕೊಟ್ಟು ಆದೇಶ ಹೊರಡಿಸಿ ನೋಡಿ, ಮಂತ್ರಿಯೆಂದು ಮುಖ ನೋಡಬೇಕಿಲ್ಲ ಎಂದೂ ಸೇರಿಸಿ. ಚಳಿಗಾಲದ ಅಧಿವೇಶನಕ್ಕೆ ಹೇಗೂ ಬೆಳಗಾವಿಯ ಸುವರ್ಣಸೌಧಕ್ಕೆ ಬರುತ್ತೀರಿ. ಗಡಿಯ ಗೊತ್ತುವಳಿಯ ಮೇಲೆ ಒಂದು ದಿನ, ಊಟದ ಮೇಲೆ ಒಂದು ದಿನ ಹೋಗುತ್ತದೆ, ಇದಕ್ಕೊಂದು ತಾಸು ಸಾಕು. ಆದೇಶ ಬರೆಯಲು ಸಿಬ್ಬಂದಿ ಕೊರತೆ ಎಂದರೆ ನಾನೇ ಬರೆದು ತರುತ್ತೇನೆ, ಅಕ್ಷರ ದುಂಡಗಿದೆ. ಸಹಿ ಮಾತ್ರ ನೀವು ಹಾಕಬೇಕು, ಮತ್ತು ಹಾಕುವಾಗ ಟೀವಿಯವರನ್ನು ಒಳಗೆ ಕರೆಯಿರಿ, ಸುಮ್ಮನೆ ಆಮೇಲೆ ಕದ್ದು ಕಳಿಸುವ ತ್ರಾಸು ಬೇಡ.

ತಮ್ಮ ಮೂರನೇ ವ್ಯಕ್ತಿಯ ಮೊಮ್ಮಗ,
ಅಕ್ಕೋಳ

ಪ್ರತಿಗಳು: ಯಾರಿಗೂ ಕಳಿಸಿಲ್ಲ. ಕಾರಣ ತಮಗೆ ಗೊತ್ತು.