ಮಾವನವರ ಮೆಮೊರಿ ಆಡಿಟ್

ಕನ್ನಡದಲ್ಲಿ ನಾಲ್ಕು ಸಾಲು ಟೈಪು ಮಾಡುವವನಿಗೆ 32 ಜಿಬಿ ರ್‍ಯಾಮ್ ಯಾಕೆ ಎಂದು ಮನೆಯಲ್ಲಿ ಕೇಳಿದರು. ‘ಮುಂದಕ್ಕೆ ಬೇಕಾಗುತ್ತೆ’ ಎಂದೆ. ಎಸ್.ಪಿ. ರಸ್ತೆಯಲ್ಲಿ ಅಂಗಡಿಯಿಂದ ಅಂಗಡಿಗೆ ಅಲೆದು ಬಿಡಿಭಾಗ ತಂದು, ಯೂಟ್ಯೂಬ್ ನೋಡುತ್ತ ಪ್ರೊಸೆಸರ್ ಕೂರಿಸಿ, ಪೇಸ್ಟ್ ಸವರಿ, ಸ್ಕ್ರೂ ಬಿಗಿದು ಗುಂಡಿ ಒತ್ತಿದೆ. ಹೊಗೆ ಬರಲಿಲ್ಲ, ದೀಪ ಬಂತು. ಆ ರಾತ್ರಿ ಸಾಕ್ಷಾತ್ ವಿಶ್ವಕರ್ಮನಾಗಿ ಮಲಗಿದೆ.

ಬೆಳಗಾದರೆ ಪರದೆಯೆಲ್ಲ ನೀಲಿ. ನಡುವೆ ಒಂದು ಅಳುಮೋರೆ, ಕೆಳಗೆ ‘ಮೆಮೊರಿ ಮ್ಯಾನೇಜ್‌ಮೆಂಟ್’ ಎಂಬ ಷರಾ.

ಇಂಥ ಹೊತ್ತಿಗೆ ಕರೆಯದೆ ಬರುವವರು ಸಲಹೆಗಾರರು. ‘ವಿಂಡೋಸ್ ಮತ್ತೆ ಹಾಕಿ ಚಿಕ್ಕಪ್ಪ’ ಎಂದ ಅಣ್ಣನ ಮಗ. ಹಾಕಿದೆ. ‘ರ್‍ಯಾಮ್ ತೆಗೆದು ರಬ್ಬರಿನಲ್ಲಿ ಉಜ್ಜಿ’ ಎಂದರು ಎದುರುಮನೆಯವರು. ಮಗಳ ಜಾಮಿಟ್ರಿ ಬಾಕ್ಸಿನ ರಬ್ಬರು ಸವೆಯುವವರೆಗೆ ಉಜ್ಜಿದೆ. ‘ಎರಡನೇ, ನಾಲ್ಕನೇ ಸ್ಲಾಟಿಗೇ ಹಾಕಿದ್ದೀರಿ ತಾನೇ?’ ಎಂದು ಫೋನಿನಲ್ಲೇ ಗದರಿದ ಮಹನೀಯರು ತಮ್ಮ ಜನ್ಮದಲ್ಲಿ ಒಂದು ಸ್ಕ್ರೂ ಬಿಚ್ಚಿದವರಲ್ಲ.

ಕೊನೆಗೆ ಪೆನ್‌ಡ್ರೈವಿನಿಂದ ಮೆಮ್‌ಟೆಸ್ಟ್ ಓಡಿಸಿದೆ. ಸಾಗರದಿಂದ ಮಾವನವರು ಬಂದಿದ್ದರು, ಬ್ಯಾಂಕಿನಿಂದ ನಿವೃತ್ತರು. ‘ಇದೇನು ಅಳಿಯಂದ್ರೇ?’ ಎಂದರು. ರ್‍ಯಾಮಿನಲ್ಲಿ 27,487 ಕೋಟಿಗೂ ಹೆಚ್ಚು ಬಿಟ್‌ಗಳಿವೆ, ಒಂದೊಂದರಲ್ಲೂ ಸೊನ್ನೆಯನ್ನೋ ಒಂದನ್ನೋ ಇಟ್ಟು, ಆಮೇಲೆ ಇಟ್ಟದ್ದು ಇದ್ದ ಹಾಗೇ ಇದೆಯೇ ಎಂದು ನೋಡುತ್ತದೆ ಎಂದೆ. ಮಾವನವರು ಕುರ್ಚಿ ಎಳೆದುಕೊಂಡರು.

‘ಇಟ್ಟದ್ದೆಷ್ಟು, ಸಿಕ್ಕಿದ್ದೆಷ್ಟು. ಹಾಗಾದ್ರೆ ಇದು ಕ್ಯಾಶ್ ಚೆಕಿಂಗು.’

ಆ ಕ್ಷಣದಿಂದ ಕಂಪ್ಯೂಟರ್ ನನ್ನದಾಗಿ ಉಳಿಯಲಿಲ್ಲ. ಹಳೆಯ ಡೈರಿಯೊಂದು ಬಂತು, ಸ್ಕೇಲು ಬಂತು, ಕಾಲಂ ಎಳೆದದ್ದಾಯಿತು: ವೇಳೆ, ಶೇಕಡಾ, ಎರರ್, ರುಜು. ಪ್ರತಿ ಅರ್ಧ ಗಂಟೆಗೂ ನಾನು ಓದಬೇಕು, ಅವರು ಬರೆಯಬೇಕು, ಇಬ್ಬರೂ ರುಜು ಹಾಕಬೇಕು. ಕಾಫಿಗೆ ಎದ್ದರೆ ‘ಚಾರ್ಜ್ ಕೊಟ್ಟು ಹೋಗಿ’ ಎನ್ನುತ್ತಿದ್ದರು. ಚಾರ್ಜ್ ಕೊಟ್ಟೆ, ಬಂದು ಮತ್ತೆ ತೆಗೆದುಕೊಂಡೆ, ಅದಕ್ಕೂ ರುಜು. ರ್‍ಯಾಮಿನ ಒಂದೊಂದು ಕೋಶದ ವಿದ್ಯುತ್ತೂ ಸೋರುತ್ತಿರುತ್ತದೆ, ಅದಕ್ಕೇ 64 ಮಿಲಿಸೆಕೆಂಡಿನೊಳಗೆ ಒಮ್ಮೆ ಮತ್ತೆ ತುಂಬಬೇಕು, ಇಲ್ಲದಿದ್ದರೆ ಮರೆತುಬಿಡುತ್ತದೆ ಎಂದು ನನ್ನ ವಿದ್ಯೆ ಪ್ರದರ್ಶಿಸಿದೆ. ‘ನಮ್ಮ ಮ್ಯಾನೇಜರೇ ವಾಸಿ, ದಿನಕ್ಕೊಂದು ಸಲ ನೆನಪಿಸಿದ್ರೆ ಸಾಕಿತ್ತು’ ಎಂದು ಮಫ್ಲರ್ ಬಿಗಿದುಕೊಂಡರು.

ಊರೆಲ್ಲ ಮಲಗಿದ ಹೊತ್ತಿನಲ್ಲಿ ಕೆಂಪು ಸಾಲೊಂದು ಮೂಡಿತು. ಕೊನೆಯಲ್ಲಿ ‘ಎಫ್’ ಇರಬೇಕಾದ ಕಡೆ ‘ಡಿ’. ಅಂದರೆ ಅಷ್ಟು ಕೋಟಿಯಲ್ಲಿ ಒಂದೇ ಒಂದು ಬಿಟ್, ಒಂದು ಎಂದು ಇಟ್ಟದ್ದು ಸೊನ್ನೆಯಾಗಿತ್ತು. ‘ಸಿಕ್ಕಿಬಿದ್ದ!’ ಎಂದು ಮಾವನವರು ಎದ್ದೇ ನಿಂತರು. ನಾನು ಅವರ ಕೈ ಹಿಡಿದು ಕುಲುಕಿದೆ. ಹೆಂಡತಿ ಕಣ್ಣುಜ್ಜುತ್ತ ಓಡಿಬಂದಳು.

‘ಏನಾಯ್ತು?’

‘ಎರರ್ ಬಂತು!’

‘ಅಂದ್ರೆ ಕೆಟ್ಟಿದೆ ಅಂತ ತಾನೇ? ಅದಕ್ಕೆ ಯಾಕ್ರೀ ಇಬ್ಬರೂ ಕುಣೀತಿದೀರಾ?’

ಉತ್ತರವಿರಲಿಲ್ಲ.

ರ್‍ಯಾಮಿನ ಒಂದೊಂದೇ ಕಡ್ಡಿ ಹಾಕಿ ನೋಡಿದಾಗ ಕಳ್ಳ ಯಾರೆಂದು ಖಚಿತವಾಯಿತು. ಅಂಗಡಿಯವನು ‘ರ್‍ಯಾಮ್ ಕೆಡಲ್ಲ ಸಾರ್, ಬಯೋಸ್‌ನಲ್ಲಿ ಎಕ್ಸ್‌ಎಂಪಿ ಆಫ್ ಮಾಡಿ’ ಎಂದ. 3200ರ ವೇಗಕ್ಕೆ ದುಡ್ಡು ತೆಗೆದುಕೊಂಡು 2133ರಲ್ಲಿ ಓಡಿಸಿ ಎನ್ನುವ ಧೈರ್ಯ ನೋಡಿ! ಅದನ್ನೂ ಮಾಡಿದ್ದೆವು, ಅದೇ ಬಿಟ್, ಅದೇ ಸೊನ್ನೆ. ಮಾವನವರು ಮಾತಾಡದೆ ಡೈರಿ ಬಿಚ್ಚಿಟ್ಟರು. ಅಷ್ಟು ರುಜು ನೋಡಿದ ಮೇಲೆ ಅವನೂ ಮಾತಾಡದೆ ಹೊಸ ಕಡ್ಡಿ ಕೊಟ್ಟ.

ಒಂದು ಬಿಟ್ಟಿಗೆ ಇಷ್ಟು ರಂಪವೇ ಎನ್ನಬೇಡಿ. 2003ರಲ್ಲಿ ಬೆಲ್ಜಿಯಂನ ಸ್ಕಾರ್‌ಬೀಕ್‌ನಲ್ಲಿ ಒಬ್ಬ ಅಭ್ಯರ್ಥಿಗೆ 4096 ಮತ ಹೆಚ್ಚಿಗೆ ಬಿದ್ದಿತ್ತು. 4096 ಎಂದರೆ ಎರಡರ ಹನ್ನೆರಡನೆಯ ಘಾತ. ತಜ್ಞರಿಗೆ ಬೇರೆ ದೋಷ ಸಿಗಲಿಲ್ಲ. ಯಂತ್ರದ ಒಂದು ಬಿಟ್ ತಾನಾಗಿ ಮಗುಚಿರಬೇಕು ಎಂದರು. ಬೀಳಲು ಸಾಧ್ಯವೇ ಇಲ್ಲದಷ್ಟು ಮತ ಬಿದ್ದದ್ದರಿಂದ ಅದು ಕಣ್ಣಿಗೆ ಬಿತ್ತು. ಇನ್ನೂ ಕೆಳಗಿನ ಬಿಟ್ ಮಗುಚಿ ಎಂಟೋ ಹದಿನಾರೋ ಮತ ಹೆಚ್ಚಾಗಿದ್ದರೆ? ಸಣ್ಣ ಸುಳ್ಳನ್ನು ಯಾರೂ ಎಣಿಸುವುದಿಲ್ಲ. ದೊಡ್ಡ ಸರ್ವರ್‌ಗಳಲ್ಲಿ 64 ಬಿಟ್ಟಿಗೆ 8 ಕಾವಲು ಬಿಟ್ ಇಟ್ಟು ತಪ್ಪು ತಿದ್ದುತ್ತಾರೆ. ಮನೆಯ ಕಂಪ್ಯೂಟರಿಗೆ ಆ ಭಾಗ್ಯವಿಲ್ಲ.

ಇದು ಹೊಳೆದದ್ದೇ ನನ್ನ ಎದೆ ಧಸಕ್ಕೆಂದಿತು. ಅದೇ ಕಂಪ್ಯೂಟರಿನಲ್ಲಿ ನಮ್ಮ ಮೇಷ್ಟ್ರ ಅಭಿನಂದನ ಗ್ರಂಥಕ್ಕೆ ಲೇಖನ ಬರೆದಿದ್ದೆ. ಯುನಿಕೋಡಿನಲ್ಲಿ ‘ಗ’ ಅಕ್ಷರದ ಸಂಖ್ಯೆ 3223, ‘ಕ’ ಅಕ್ಷರದ್ದು 3221. ನಡುವೆ ಇರುವುದು ಒಂದೇ ಬಿಟ್. ಅದೂ ನಮ್ಮ ಕಳ್ಳ ಕದ್ದಂಥದ್ದೇ. ‘ನನ್ನ ಬಾಳಿನಲ್ಲಿ ಅವರೊಬ್ಬ ಮಹಾಗುರು’ ಎಂದು ಬರೆದದ್ದು ‘ಮಹಾಕುರು’ ಆಗಿ ಅಚ್ಚಾಗಿ, ಸಮಾರಂಭದಲ್ಲಿ ಮೇಷ್ಟ್ರು ಅದನ್ನು ಗಟ್ಟಿಯಾಗಿ ಓದಿದರೆ?

ಮಾವನವರು ಲೇಖನ ಮುದ್ರಿಸಿ ತರಿಸಿಕೊಂಡು, ಕೆಂಪು ಪೆನ್ನು ಹಿಡಿದು ಅಕ್ಷರ ಅಕ್ಷರ ಪರಿಶೀಲಿಸಿದರು. ಗುರುಗಳೆಲ್ಲ ಕ್ಷೇಮವಾಗಿದ್ದರು. ಆದರೆ ಹಾಳೆಯ ತುಂಬ ಕೆಂಪು.

‘ಮೆಷೀನಿಂದು ಒಂದೂ ತಪ್ಪಿಲ್ಲ ಅಳಿಯಂದ್ರೇ’ ಎಂದು ಪೆನ್ನಿನ ಮುಚ್ಚಳ ಹಾಕಿದರು. ‘ಇದಿಷ್ಟೂ ನಿಮ್ಮದೇ. ಇದಕ್ಕೆ ವಾರಂಟಿ ಏನಾದ್ರೂ ಉಂಟಾ?’