ಇನ್ನೊಂದೇ ಕಿಲೋಮೀಟರು!

ಓಟಗಾರರು ಹೇಳುವಷ್ಟು ಸುಳ್ಳನ್ನು ಮದುವೆ ದಲ್ಲಾಳಿಗಳೂ ಹೇಳಲಿಕ್ಕಿಲ್ಲ. ಭಾನುವಾರ ಬೆಳಗ್ಗೆ ಕಬ್ಬನ್ ಪಾರ್ಕಿನಲ್ಲಿ ನಾನು ಏದುಸಿರು ಬಿಡುತ್ತಾ ಕಾಲೆಳೆಯುತ್ತಿದ್ದರೆ, ಪಕ್ಕದಲ್ಲೇ ಹಾದುಹೋಗುವ ನಿವೃತ್ತ ರಾಯರೊಬ್ಬರು ‘ಸೂಪರ್ ಸಾರ್, ಇನ್ನೊಂದೇ ಕಿಲೋಮೀಟರು!’ ಅನ್ನುತ್ತಾರೆ. ವಾಚು ನೋಡಿದರೆ ಇನ್ನೂ ನಾಲ್ಕು ಬಾಕಿ. ಬೈಯೋಣವೆಂದರೆ ಅದಕ್ಕೂ ಉಸಿರು ಬೇಕಲ್ಲ!

ನಮ್ಮ ಗುರಿ ಸದ್ಯಕ್ಕೆ ಬರೀ ಹತ್ತು ಕಿಲೋಮೀಟರು. ಪೂರ್ತಿ ಮ್ಯಾರಥಾನ್ ಎಂದರೆ 42.195. ಅದೇನು ಲೆಕ್ಕವೋ ಅಂತೀರಾ? 1908ರ ಲಂಡನ್ ಒಲಿಂಪಿಕ್ಸಿನಲ್ಲಿ ವಿಂಡ್ಸರ್ ಕೋಟೆಯಿಂದ ಹೊರಟು, ಕ್ರೀಡಾಂಗಣದಲ್ಲಿ ರಾಜಮನೆತನದವರು ಕೂತ ಜಾಗದೆದುರು ಓಟ ಮುಗಿಸಿದರು. ಆ ದೂರವೇ ಮುಂದೆ ಕಾಯಂ ಆಯಿತು. ಕೂತವರು ಅವರು, ಮೊಣಕಾಲು ಹಿಡಿದುಕೊಳ್ಳುವವರು ನಾವು.

ನಮ್ಮ ವಾಟ್ಸಾಪ್ ಗುಂಪಿನಲ್ಲಿ ನಾಲ್ಕೂಕಾಲಿಗೇ ‘ಎದ್ರಾ?’ ಎಂದು ಕೇಳುವ ಮಹಾನುಭಾವನಿದ್ದಾನೆ. ನಮ್ಮನ್ನೆಲ್ಲ ಎಬ್ಬಿಸಿ ತಾನು ಮತ್ತೆ ಮುಸುಕೆಳೆದುಕೊಳ್ಳುತ್ತಾನೆ. ಮನೆಯಾಕೆಯ ಪ್ರೋತ್ಸಾಹ ಬೇರೆ ಥರದ್ದು: ‘ಹಾಲು ತರೋಕೆ ಸ್ಕೂಟರ್ ಬೇಕು, ಓಡೋಕೆ ಕಬ್ಬನ್ ಪಾರ್ಕಿಗೇ ಹೋಗ್ಬೇಕು!’

ಓಡಿದ ಮೇಲೆ ಎಲ್ಲರೂ ಮಸಾಲೆ ದೋಸೆಗೆ ಹೋಗುತ್ತೇವೆ. ಕರಗಿದ್ದೆಷ್ಟು, ತಿಂದದ್ದೆಷ್ಟು ಎಂಬ ಪ್ರಶ್ನೆಯನ್ನು ಅಲ್ಲಿ ಯಾರೂ ಎತ್ತುವಂತಿಲ್ಲ.

ಮೊನ್ನೆ ಹೊಸ ಹುಡುಗನೊಬ್ಬ ಬಿದಿರುಮೆಳೆಯ ಹತ್ತಿರ ಸೊಂಟ ಹಿಡಿದು ನಿಂತಿದ್ದ. ಹೊಚ್ಚಹೊಸ ಶೂ, ಲೇಸು ಬಿಚ್ಚಿತ್ತು. ಬಾಯಿ ತಡೆಯಲಿಲ್ಲ, ‘ಬನ್ನಿ ಬನ್ನಿ, ಇನ್ನೊಂದೇ ಕಿಲೋಮೀಟರು!’ ಅಂದೆ.

ಅವನು ವಾಚು ನೋಡಿಕೊಂಡ. ಆಮೇಲೆ ನನ್ನನ್ನು ನೋಡಿದ.