ವರ್ಷನ್ ರಾಯರು

ಕಂಪ್ಯೂಟರ್ ಕೈಕೊಟ್ಟಿತು ಎಂದು ಯಾರು ಹೇಳಿಕೊಂಡು ಬಂದರೂ ರಾಯರ ಮೊದಲ ಪ್ರಶ್ನೆ ಒಂದೇ: “ವರ್ಷನ್ ಎಷ್ಟು?” ಏನಾಯಿತು, ಯಾವಾಗಿನಿಂದ, ನೀವೇನು ಒತ್ತಿದಿರಿ ಎನ್ನುವುದೆಲ್ಲ ಆಮೇಲಿನ ಮಾತು. ಬಂದವರು “ಅದೇ... ಹೊಸದೇ ಇರಬೇಕು ರಾಯರೇ” ಎಂದು ತಡವರಿಸಿದರೆ ಅವರ ಮುಖ ಅರಳುತ್ತದೆ. ವರ್ಷನ್ ಗೊತ್ತಿಲ್ಲದವರ ಮನೆಯಲ್ಲೇ ಒಳ್ಳೊಳ್ಳೆಯ ಎರರ್ ಸಿಗುವುದು ಎಂಬುದು ಅವರ ಅನುಭವ.

ಬೆಂಗಳೂರಿನಲ್ಲಿ ಬಡಾವಣೆಗೊಬ್ಬರಂತೆ ಇಂಥ ರಾಯರು ಇದ್ದಾರೆ. ವಯಸ್ಸು ಐವತ್ತರ ಆಚೀಚೆ. ವಾರವೆಲ್ಲ ಯಾವುದೋ ಕಂಪನಿಯ ಮೀಟಿಂಗು, ಶನಿವಾರ ಭಾನುವಾರ ಬಿಟ್ಟಿ ಸೇವೆ. ಕಾಫಿ ಕೊಟ್ಟರೆ ಕುಡಿಯುತ್ತಾರೆ, ದುಡ್ಡು ಕೊಟ್ಟರೆ ಬೇಜಾರು ಮಾಡಿಕೊಳ್ಳುತ್ತಾರೆ. ಜನರ ಹೆಸರು ಅವರಿಗೆ ನೆನಪಿರುವುದಿಲ್ಲ, ಎರರ್ ನಂಬರು ಮರೆಯುವುದಿಲ್ಲ. “ಆ 1045 ಡಾಕ್ಟರು” ಎಂದರೆ ಪಾಸ್‌ವರ್ಡ್ ತಪ್ಪಿ ಆಕ್ಸೆಸ್ ಡಿನೈಡ್ ಆಗಿದ್ದ ಡಾಕ್ಟರು. “2002 ಲೈಬ್ರರಿಯವರು” ಎಂದರೆ ಲೋಕಲ್‌ಹೋಸ್ಟ್ ಎಂದು ಬರೆದಿದ್ದ ಜಾಗದಲ್ಲಿ 127.0.0.1 ಎಂದು ಬರೆದುಕೊಟ್ಟ ಕೂಡಲೇ ಸರಿಹೋದವರು. ಎರಡೂ ಅದೇ ಕಂಪ್ಯೂಟರನ್ನೇ ತೋರಿಸುತ್ತವಲ್ಲ ಎಂದು ಯಾರಾದರೂ ಕೇಳಿದರೆ ಮುಗಿಯಿತು. ಲಿನಕ್ಸಿನಲ್ಲಿ ಮೊದಲನೆಯದು ಸಾಕೆಟ್ ಫೈಲನ್ನು ಹುಡುಕಿಕೊಂಡು ಹೋಗುತ್ತದೆ, ಎರಡನೆಯದು ನೆಟ್‌ವರ್ಕ್ ಬಾಗಿಲಿನಿಂದ ಬರುತ್ತದೆ ಎಂಬ ಪಾಠ ಮುಗಿಯುವ ಹೊತ್ತಿಗೆ ಇನ್ನೊಂದು ಕಾಫಿಯಾಗಿರುತ್ತದೆ.

ರಾಯರ ಪ್ರತಿಭೆ ಪೂರ್ತಿ ಬೆಳಗಬೇಕಾದರೆ ವಿಕಿಯೇ ಬೇಕು. ಅದೂ ಹಳೆಯ ವಿಕಿ.

ಬಡಾವಣೆಯ ಕನ್ನಡ ಸಂಘದಲ್ಲಿ ಅಂಥದ್ದೊಂದಿದೆ. ನಿವೃತ್ತ ಮೇಷ್ಟ್ರೊಬ್ಬರು ಸುತ್ತಲ ಹಳ್ಳಿಗಳ ಹಾಡು, ಶಾಸನ, ದೇವಸ್ಥಾನಗಳ ವಿವರವನ್ನೆಲ್ಲ ಅದರಲ್ಲಿ ತುಂಬಿದ್ದಾರೆ. ಎಷ್ಟೋ ವರ್ಷಗಳ ಹಿಂದೆ ಶಿಷ್ಯನೊಬ್ಬ ವಿಕಿಪೀಡಿಯದ್ದೇ ತಂತ್ರಾಂಶವಾದ ಮೀಡಿಯಾವಿಕಿ ಹಾಕಿಕೊಟ್ಟು, ಪಾಸ್‌ವರ್ಡ್ ಸಮೇತ ಅಮೆರಿಕಕ್ಕೆ ಹೋದ. ಈಗ ಹಳೆಯ ಕಂಪ್ಯೂಟರ್ ಕೊನೆಯುಸಿರು ಎಳೆಯುತ್ತಿದೆ. ಹೊಸದು ಬಂದಿದೆ. “ಕಾಪಿ ಮಾಡಿ ಆ ಕಡೆ ಹಾಕಿಬಿಟ್ಟರೆ ಆಯ್ತಲ್ಲ ರಾಯರೇ?” ಎಂದು ಮೇಷ್ಟ್ರು ಮುಗ್ಧವಾಗಿ ಕೇಳುತ್ತಾರೆ. ರಾಯರು ನಗುತ್ತಾರೆ. ಆ ನಗು ನೋಡಿದವರಿಗೆ ಆ ಭಾನುವಾರದ ಗತಿ ಗೊತ್ತಾಗಿಬಿಡುತ್ತದೆ.

ಲ್ಯಾಪ್‌ಟಾಪ್ ತೆರೆಯುವ ಮೊದಲು ಇತಿಹಾಸ. ವಿಕಿಪೀಡಿಯ ಶುರುವಾದಾಗ ಪುಟಗಳೆಲ್ಲ ಬರೀ ಫೈಲುಗಳಲ್ಲಿದ್ದವು, ಡೇಟಾಬೇಸ್ ಎಂಬ ರಗಳೆಯೇ ಇರಲಿಲ್ಲ. 2002ರ ಜನವರಿ 25ರಂದು ಅದು ಮ್ಯಾಗ್ನಸ್ ಮ್ಯಾನ್ಸ್ಕೆ ಬರೆದ ಪಿಎಚ್‌ಪಿ ಕೋಡಿಗೆ, ಮೈಎಸ್‌ಕ್ಯೂಎಲ್‌ಗೆ ಬಂತು. ಜಗತ್ತಿನ ರಾಯರುಗಳಿಗೆಲ್ಲ ಅಂದು ಕೆಲಸ ಸಿಕ್ಕಿತು. ಕನ್ನಡ ವಿಕಿಪೀಡಿಯ 2003ರದು, ಅಂದರೆ ಡೇಟಾಬೇಸಿನ ಕಾಲದಲ್ಲೇ ಹುಟ್ಟಿದ್ದು ಎಂಬುದನ್ನೂ ಅಭಿಮಾನದಿಂದ ಸೇರಿಸುತ್ತಾರೆ.

ಆಮೇಲೆ ಸಾಲಾವಳಿ. ಜೋಯಿಸರು ಎರಡು ಜಾತಕ ಪಕ್ಕಪಕ್ಕ ಇಟ್ಟುಕೊಂಡು ಕೂರುವ ಹಾಗೆ ರಾಯರು ಪಿಎಚ್‌ಪಿಯದೊಂದು, ಡೇಟಾಬೇಸಿನದೊಂದು ನಂಬರ್ ಬರೆದುಕೊಂಡು ಕೂರುತ್ತಾರೆ. ಡೇಟಾಬೇಸಿನ ಕಡೆ ವಂಶಾವಳಿಯೂ ಬೇಕು. ಮಾಂಟಿ ವಿಡೇನಿಯಸ್ ಎಂಬ ಫಿನ್ಲೆಂಡಿನ ಮನುಷ್ಯ ಹಿರಿಮಗಳ ಹೆಸರಿನಲ್ಲಿ ಮೈಎಸ್‌ಕ್ಯೂಎಲ್ ಮಾಡಿದ. 2008ರಲ್ಲಿ ಅದನ್ನು ಸನ್ ಕಂಪನಿ ಕೊಂಡಿತು, 2010ರಲ್ಲಿ ಸನ್ನನ್ನೇ ಒರಾಕಲ್ ಕೊಂಡಿತು. ಅಷ್ಟರಲ್ಲಿ ಮಾಂಟಿ ಮನೆ ಬಿಟ್ಟು ಬಂದು, ಅದೇ ಕೋಡಿನಿಂದ ಕಿರಿಮಗಳು ಮಾರಿಯಾ ಹೆಸರಿನಲ್ಲಿ ಮಾರಿಯಾಡಿಬಿ ಕಟ್ಟಿಯಾಗಿತ್ತು. ವಿಕಿಪೀಡಿಯ 2013ರಲ್ಲಿ ಮಾರಿಯಾ ಕಡೆಗೆ ಬಂತು. “ಅಕ್ಕತಂಗಿಯರು ನೋಡೋಕೆ ಒಂದೇ ಥರ ಮೇಷ್ಟ್ರೇ, ಆದ್ರೆ ಈಗ ಮಾತುಕತೆ ಅಷ್ಟಕ್ಕಷ್ಟೆ” ಎನ್ನುವಾಗ ರಾಯರ ದನಿಯಲ್ಲಿ ನಿಜವಾದ ವ್ಯಥೆಯಿದೆ.

ಮಾತುಕತೆ ನಿಂತಿರುವುದಕ್ಕೆ ಸಾಕ್ಷಿಯೂ ಅಲ್ಲೇ ಸಿಗುತ್ತದೆ. ರಾಯರು ಮನೆಯ ಮೈಎಸ್‌ಕ್ಯೂಎಲ್ 8ರಲ್ಲಿ ಪ್ರಯೋಗ ಮಾಡಿ ತಂದ ಡಂಪ್ ಫೈಲನ್ನು, ಅಂದರೆ ಡೇಟಾಬೇಸಿನ ಇಡೀ ನಕಲನ್ನು, ಸಂಘದ ಮಾರಿಯಾಡಿಬಿಗೆ ಕೊಟ್ಟರೆ ಶುರುವಿನಲ್ಲೇ, ಡೇಟಾಬೇಸ್ ಸೃಷ್ಟಿಸುವ ಸಾಲಿನಲ್ಲೇ ಅದು ಮುಗ್ಗರಿಸುತ್ತದೆ: 1273, ಅನ್‌ನೋನ್ ಕೊಲೇಶನ್. ಅಕ್ಷರಗಳನ್ನು ಯಾವ ಕ್ರಮದಲ್ಲಿ ಜೋಡಿಸಬೇಕು ಎಂಬುದಕ್ಕೆ ಅಕ್ಕ ಹೊಸದೊಂದು ನಿಯಮ ಮಾಡಿಕೊಂಡಿದ್ದಾಳೆ, ಹಳೆಯ ಮಾರಿಯಾಗೆ ಅದರ ಹೆಸರೇ ಗೊತ್ತಿಲ್ಲ. ಫೈಲಿನಲ್ಲಿ ಆ ಹೆಸರು ಹುಡುಕಿ ಇಬ್ಬರಿಗೂ ಗೊತ್ತಿರುವ ಹಳೆಯ ಹೆಸರು ಹಾಕಿದರೆ ಕೆಲಸ ಮುಂದಕ್ಕೆ ಸಾಗುತ್ತದೆ. ಎರಡು ನಿಮಿಷದ ಕೆಲಸ. ರಾಯರು ಅದನ್ನು ಎರಡು ನಿಮಿಷದಲ್ಲಿ ಮಾಡುವವರಲ್ಲ.

ಬೀದಿ ಕೊನೆಯ ಸೈಬರ್ ಅಂಗಡಿಯ ಹುಡುಗನನ್ನು ಕಂಡರೆ ಅವರಿಗೆ ಆಗದೇ ಇರುವುದು ಇದಕ್ಕೇ. ಆತನದು ಒಂದೇ ಔಷಧಿ: ಎಲ್ಲ ಡಿಲೀಟ್ ಮಾಡಿ ಮತ್ತೆ ಹಾಕಿ. ನಿಜ ಹೇಳಬೇಕೆಂದರೆ ಹುಡುಗನ ಗಿರಾಕಿಗಳು ಬೇಗ ಮನೆಗೆ ಹೋಗುತ್ತಾರೆ. ಆದರೆ ಮೇಷ್ಟ್ರ ಹಾಡುಗಳು ಆತನ ಕೈಗೆ ಸಿಕ್ಕಿದ್ದರೆ ಅವೂ ಡಿಲೀಟ್ ಆಗುತ್ತಿದ್ದವು.

ಪಿಎಚ್‌ಪಿಯ ಜಾತಕದಲ್ಲೂ ದೋಷವಿದೆ. ಮೈಎಸ್‌ಕ್ಯೂಎಲ್ 8.0 ಬಂದಿದ್ದು 2018ರಲ್ಲಿ, ಪಾಸ್‌ವರ್ಡ್ ಪರೀಕ್ಷಿಸುವ ಹೊಸ ವಿಧಾನದೊಂದಿಗೆ. ಹಳೆಯ ಪಿಎಚ್‌ಪಿಗೆ ಅದು ಅರ್ಥವಾಗದು, 7.4ರಿಂದ ಈಚಿನದಕ್ಕೆ ಆಗುತ್ತದೆ. ಹಾಗಾಗಿ ಸರಿಯಾದ ಪಾಸ್‌ವರ್ಡ್ ಕೊಟ್ಟರೂ ಒಳಗೆ ಬಿಡುವುದಿಲ್ಲ, ನಂಬರು 2054. ಹಳೆಯ ವಿಧಾನಕ್ಕೆ ಮರಳುವ ಹಿಂಬಾಗಿಲೊಂದಿತ್ತು, 2024ರ 9.0 ವರ್ಷನ್ನಿನಲ್ಲಿ ಅದನ್ನೂ ತೆಗೆದುಹಾಕಿದರು. ಇದನ್ನು ಹೇಳುವಾಗ ರಾಯರು, ಬಡಾವಣೆಯ ಮೂಲಕ ಹೋಗುತ್ತಿದ್ದ ಬಸ್ಸನ್ನೇ ಯಾರೋ ನಿಲ್ಲಿಸಿದರೇನೋ ಎಂಬಷ್ಟು ಸಿಟ್ಟಾಗುತ್ತಾರೆ.

ಸಾಯಂಕಾಲದ ಹೊತ್ತಿಗೆ ವಿಕಿ ತೆರೆದುಕೊಳ್ಳುತ್ತದೆ. ಬಣ್ಣ ಸರಿ, ಕೊಂಡಿ ಸರಿ. ಕನ್ನಡವೇ ಇಲ್ಲ. ಪುಟದ ತುಂಬ ತಲೆಯ ಮೇಲೆ ಗೀಟು ಹೊತ್ತ ರೋಮನ್ ಎ, ಪಕ್ಕದಲ್ಲಿ ಮೇಲಕ್ಕೇರಿ ಕೂತ ಪುಟ್ಟ 2 ಅಥವಾ 3, ಆಮೇಲೆ ಇನ್ನೇನೋ ಒಂದು ಗುರುತು. ಮೇಷ್ಟ್ರು ಕುರ್ಚಿಯಿಂದ ಅರ್ಧ ಎದ್ದೇಬಿಡುತ್ತಾರೆ. ರಾಯರು ಕನ್ನಡಕ ಏರಿಸಿ ಅದನ್ನೇ ಓದತೊಡಗುತ್ತಾರೆ: “2 ಇದ್ರೆ ವ್ಯಂಜನ. ಇಳಿ, ಗುಡಿಸು ಕೂಡ 2ರ ಜೊತೇಲೇ. ಕೊಂಬು, ಎತ್ವ, ಅರ್ಧಾಕ್ಷರದ ಚಿಹ್ನೆ ಎಲ್ಲ 3. ಏನೂ ಕಳೆದಿಲ್ಲ ಮೇಷ್ಟ್ರೇ, ಎಲ್ಲ ಇಲ್ಲೇ ಇದೆ.”

ಇದ್ದದ್ದು ನಿಜ. ಯುನಿಕೋಡಿನ ಒಂದೊಂದು ಕನ್ನಡ ಚಿಹ್ನೆಗೂ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಮೈಎಸ್‌ಕ್ಯೂಎಲ್ ಸ್ವೀಡನ್ನಿನ ಕಂಪನಿಯದಾದ್ದರಿಂದ 8.0ಕ್ಕೆ ಮೊದಲು ಏನೂ ಹೇಳದಿದ್ದರೆ ಅದು ಲ್ಯಾಟಿನ್-1 ಎಂದೇ ತಿಳಿಯುತ್ತಿತ್ತು, ಜೋಡಣೆಗೆ ಸ್ವೀಡಿಷ್ ಕ್ರಮ. ಶಿಷ್ಯ ಏನೂ ಹೇಳಿರಲಿಲ್ಲ. ಹಳೆಯ ವಿಕಿ ಕೊಟ್ಟದ್ದನ್ನು ಹಾಗೇ ಇಟ್ಟು ಹಾಗೇ ತೆಗೆಯುತ್ತಿದ್ದರಿಂದ ಇಷ್ಟು ವರ್ಷ ಯಾರಿಗೂ ತಿಳಿಯಲಿಲ್ಲ. ಡಂಪ್ ತೆಗೆಯುವಾಗ ಡೇಟಾಬೇಸ್ ಉಪಕಾರ ಮಾಡಲು ಹೋಗಿ, ಆ ಮೂರು ಬೈಟನ್ನು ಮೂರು ಲ್ಯಾಟಿನ್ ಅಕ್ಷರವೆಂದು ನಂಬಿ ಮತ್ತೊಮ್ಮೆ ಯುಟಿಎಫ್-8 ಮಾಡಿಬಿಟ್ಟಿತು.

“ಅಂದ್ರೆ ನಮ್ಮ ಸೋಬಾನೆ ಪದಗಳು ಇಷ್ಟು ದಿನ ಸ್ವೀಡಿಷ್ ಅಕಾರಾದಿಯಲ್ಲಿ ಕೂತಿದ್ವಾ?” ಎಂದರು ಮೇಷ್ಟ್ರು.

“ಹೂಂ. ಸುಖವಾಗೇ ಇದ್ವು.”

ಡಂಪನ್ನು ಲ್ಯಾಟಿನ್-1 ಎಂದೇ ಹೇಳಿ ಮತ್ತೆ ತೆಗೆದರೆ ಬೈಟುಗಳು ಇದ್ದ ಹಾಗೇ ಹೊರಬರುತ್ತವೆ. ಅಷ್ಟು ಹಳೆಯ ವಿಕಿ ಒಂದೇ ನೆಗೆತಕ್ಕೆ ಇಂದಿನ ವರ್ಷನ್ನಿಗೆ ಬರಲಾರದು, ನಡುವೆ 2020ರ 1.35ರಲ್ಲಿ ಒಮ್ಮೆ ಇಳಿಸಿ ಅಪ್‌ಡೇಟ್ ಸ್ಕ್ರಿಪ್ಟ್ ಓಡಿಸಬೇಕು. ಅದೂ ಆಗುತ್ತದೆ. ಸೋಬಾನೆ ಪದಗಳು ಕನ್ನಡದಲ್ಲೇ ಕಾಣುತ್ತವೆ. ರಾಯರು ಸ್ವಲ್ಪ ಮಂಕಾಗುತ್ತಾರೆ.

ಮಂಕು ಬಹಳ ಹೊತ್ತು ಇರುವುದಿಲ್ಲ. ಮಠವೊಂದರ ಮೇಲೆ ಹೊಸ ಪುಟ ಬರೆಯಲು ಮೇಷ್ಟ್ರು ಬಿರುದು, ಪೀಠ, ಸಂಸ್ಥಾನ ಎಲ್ಲ ಸೇರಿಸಿ ತಲೆಬರಹ ಕೊಟ್ಟರೆ ವಿಕಿ ಒಪ್ಪುವುದಿಲ್ಲ, ಉದ್ದವಾಯಿತಂತೆ. ಮೇಷ್ಟ್ರು ಇಷ್ಟರಲ್ಲಿ ಪಳಗಿದ್ದಾರೆ. “ಇದು ಯಾವ ವರ್ಷನ್ನಲ್ಲಿ ಸರಿಹೋಗುತ್ತೆ ರಾಯರೇ?”

“ಯಾವುದ್ರಲ್ಲೂ ಇಲ್ಲ. ಮೀಡಿಯಾವಿಕಿ ತಲೆಬರಹಕ್ಕೆ 255 ಬೈಟು. ಇಂಗ್ಲಿಷಿನವರಿಗೆ 255 ಅಕ್ಷರ, ನಮಗೆ ಮೂರರಿಂದ ಭಾಗಿಸಿ, 85. ಅದೂ ಒತ್ತು, ಗುಣಿತ ಎಲ್ಲ ಬೇರೆಬೇರೆ ಲೆಕ್ಕ. ಸ್ತ್ರೀ ಅಂತ ಬರೆದ್ರೆ 18 ಬೈಟ್ ಹೋಯ್ತು.” ರಾಯರು ತಲೆಬರಹದ ಮೇಲೆ ಬೆರಳಾಡಿಸಿ ಮೊದಲಿಗೇ ನಿಲ್ಲಿಸುತ್ತಾರೆ. “ಶ್ರೀ ಶ್ರೀ ಶ್ರೀ ಅಂತ ಮೂರು ಸಲ ಇದೆ. ಒಂದಕ್ಕೆ 12. ಎರಡು ಶ್ರೀ ತೆಗೆದ್ರೆ ಮಧ್ಯದ ಜಾಗವೂ ಸೇರಿ 26 ಬೈಟ್ ಉಳಿಯುತ್ತೆ.”

ಮೇಷ್ಟ್ರು ಫೋನನ್ನು ರಾಯರ ಕಡೆಗೆ ಸರಿಸುತ್ತಾರೆ. “ಮಠದ ನಂಬರ್ ಇದೆ. ಅದನ್ನ ನೀವೇ ಹೇಳಿ.”